ಗುಡ್ಡ ಇಳಿದ ಮೇಲಿನ ಊಟ

ಬೆಂಗಳೂರು, ಹೈದರಾಬಾದ್ ಕಡೆಯಿಂದ ನನ್ನ ಜೊತೆ ಗುಡ್ಡ ಹತ್ತಲು ಬರುವವರು ಊಟದ ಬಗ್ಗೆ ಕೇಳುವುದು ಒಂದೇ ಪ್ರಶ್ನೆ: ಖಾರ ಎಷ್ಟಿರುತ್ತದೆ? ನಮ್ಮ ಕಲಬುರಗಿಯವರಿಗೆ ಖಾರದ ಭಯವಿಲ್ಲ. ಅವರು ಕೇಳುವುದು ಬೇರೆ. ಅಡುಗೆ ಯಾರು ಮಾಡುತ್ತಾರೆ? ಇದನ್ನು ಎಷ್ಟು ಮೆತ್ತಗೆ, ಎಷ್ಟು ಮರ್ಯಾದೆಯಿಂದ, ಮಾತಿಗೊಂದು 'ರೀ' ಸೇರಿಸಿ ಕೇಳುತ್ತಾರೆಂದರೆ, ಉತ್ತರ ಕೊಡದವರೇ ಒರಟರು ಅನ್ನಿಸಿಬಿಡುತ್ತದೆ. ಆ ಎಳ್ಳಮಾಸಿಯ ದಿನ ನಾನು ಒರಟಳಾದೆ. ಅದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಬೆಳಿಗ್ಗೆಯೇ ಆಗಬೇಕಿತ್ತು, ಮಧ್ಯಾಹ್ನದ ತನಕ ಯಾಕೆ ಕಾದೆ ಎಂದು ಮಾತ್ರ ಅನ್ನಿಸುತ್ತದೆ.

ನಾನು ಪ್ರವಾಸಿ ಗೈಡ್. ಒಂದು ದಿನದ ಪ್ರವಾಸ ನಡೆಸುವ ಕಲಬುರಗಿಯ ಒಬ್ಬ ಮಾಲೀಕನಿಗಾಗಿ ಆಗ ಕೆಲಸ ಮಾಡುತ್ತಿದ್ದೆ. ಬೆಳಿಗ್ಗೆ ಕೋಟೆ ತೋರಿಸಿ, ಟೆಂಪೊದಲ್ಲಿ ಕಮಲಾಪುರಕ್ಕೆ ಹೋಗಿ, ಊರಾಚೆಯ ಗುಡ್ಡದ ಮೇಲೆ ಹಾಯುವ ಹಳೆಯ ಬೀದರ್ ದಾರಿಯಲ್ಲಿ ನಡೆಸಿ, ಕೆಳಗಿಳಿಸಿ ಊಟ ಮಾಡಿಸಿ, ಸಂಜೆಗೆ ಮನೆಗೆ ಮುಟ್ಟಿಸುವುದು. ಹಿಂದೆ ಸುಲ್ತಾನರ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಹೋದಾಗ ಆನೆ, ಕುದುರೆ, ಸಂಸಾರ ಎಲ್ಲ ಈ ಗುಡ್ಡ ದಾಟಿಯೇ ಹೋದವು ಎಂದು ಇಲ್ಲಿನ ಹಿರಿಯರು ಹೇಳುತ್ತಾರೆ. ಕೆಂಪು ಕಲ್ಲನ್ನು ಕಡಿದು ಮಾಡಿದ ಮೆಟ್ಟಿಲು, ಕುದುರೆಗೆ ನೀರು ಕುಡಿಸುವ ಕಲ್ಲಿನ ದೋಣಿ, ತುದಿಯಲ್ಲಿ ಅರ್ಧ ಬಿದ್ದ ಕಾವಲು ಬುರುಜು, ಇಷ್ಟು ಉಳಿದಿದೆ. ನನಗೆ ಇದು ಸಾಕು. ಬುರುಜಿನ ಮೇಲೆ ನಿಂತರೆ ಒಂದು ಕಡೆ ಕಪ್ಪು ನೆಲ, ಇನ್ನೊಂದು ಕಡೆ ಕೆಂಪು ನೆಲ, ನಡುವೆ ಗೆರೆ ಎಳೆದಂತೆ ಹೋಗುವ ದಾರಿ. ಅಲ್ಲಿ ನಿಂತು ಮಾತಾಡಲು ನನಗೆ ಪ್ರತಿ ಸಲವೂ ಖುಷಿ.

ಎಳ್ಳಮಾಸಿ, ಅಂದರೆ ಎಳ್ಳಮಾವಾಸ್ಯೆ, ನಮ್ಮ ಭಾಗದಲ್ಲಿ ಹೊಲದ ಹಬ್ಬ. ಆ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಮಾಡಿದ ಅಡುಗೆಯನ್ನು ಮೊದಲು ಬೆಳೆಯ ನಡುವೆ ಚೆಲ್ಲಿ ಭೂಮಿಗೆ ಉಣಿಸುತ್ತಾರೆ. ಇದಕ್ಕೆ ಚರಗ ಎನ್ನುತ್ತಾರೆ. ಆಮೇಲೆ ಮನುಷ್ಯರ ಊಟ. ಬದುವಿನ ಮೇಲೆ ಹಾದು ಹೋಗುವವರನ್ನೂ ಕೂಗಿ ಕರೆದು ಕೂಡಿಸುತ್ತಾರೆ. ಹೊಲ ಮಾರಿ ಜೇವರ್ಗಿ ಕಾಲೋನಿಯಂಥ ಕಡೆ ಮನೆ ಕಟ್ಟಿಕೊಂಡವರಿಗೆ ಆ ದಿನ ಎಲ್ಲಿಗೆ ಹೋಗುವುದೆಂಬ ಚಡಪಡಿಕೆ ಇರುತ್ತದೆ. ಅದನ್ನು ಹಿಡಿದವನು ನಮ್ಮ ಮಾಲೀಕ. ಗುಡ್ಡ ಹತ್ತಿಸೋಣ, ಚರಿತ್ರೆ ಹೇಳೋಣ, ಕೆಳಗೊಂದು ಹೊಲದಲ್ಲಿ ಎಳ್ಳಮಾಸಿ ಊಟ ಹಾಕಿಸೋಣ ಎಂದ. ಒಳ್ಳೆಯ ಯೋಚನೆಯೇ. ಹೊಲವನ್ನೂ ಅಡುಗೆಯವರನ್ನೂ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ನನಗೆ ಹುಡುಕುವುದೇನಿರಲಿಲ್ಲ. ಗುಡ್ಡದ ಬುಡದಲ್ಲೇ ಹೊಲ ಇರುವ ಒಬ್ಬ ಅಕ್ಕನ ಮನೆಯಲ್ಲಿ ನಾನು ಎಷ್ಟೋ ಸಲ ಉಂಡಿದ್ದೆ. ದಲಿತ ಓಣಿಯ ಬೌದ್ಧ ಮನೆತನ. ಗಂಡ ಹೆಂಡತಿ ಇಬ್ಬರೂ ಬೇರೆಯವರ ಹೊಲದಲ್ಲಿ ಕೂಲಿ ಮಾಡಿ ಆ ಹೊಲ ಕೊಂಡವರು. ಹಸಿ ಕಡಲೆ, ತೊಗರಿ, ಸೊಪ್ಪು, ಗಜ್ಜರಿ ಎಲ್ಲ ಕೂಡಿಸಿ ಅವರು ಮಾಡುವ ಭಜ್ಜಿಪಲ್ಯ ತಿಂದವರು ಬೇರೆ ಕಡೆ ಭಜ್ಜಿ ತಿಂದರೆ ಮುಖ ಸಿಂಡರಿಸುತ್ತಾರೆ. ಹೋಗಿ ಕೇಳಿದೆ. ಅವರು ಕೂಡಲೇ ತಲೆಯಾಡಿಸಿದರು.

"ಬ್ಯಾಡ್ರಿ ಅಕ್ಕೋರೆ. ನೀವ್ ಉಣ್ತೀರಿ, ನಿಮ್ಮ ಮಾತ ಬ್ಯಾರೆ. ಬಂದವರು ಕೇಳ್ತಾರ. ಕೇಳಿ ಎದ್ದು ಹೋದ್ರ, ನಮ್ಮ ಓಣಿ ಮಂದಿ ಎದುರಿಗಿ ನಾ ಹ್ಯಾಂಗ ತಲಿ ಎತ್ಲಿ?"

"ಓದಿದ ಮಂದಿ ಬರ್ತಾರಕ್ಕಾ. ಈಗ ಅದೆಲ್ಲಾ ಯಾರ್ ಕೇಳ್ತಾರ?"

"ಓದಿದವರು ಚಂದಾಗಿ ಕೇಳ್ತಾರ್ರೀ," ಅಂದರು ಆ ಅಕ್ಕ.

ನಾನು ಬಿಡಲಿಲ್ಲ. ಮತ್ತೆ ಮತ್ತೆ ಹೋಗಿ ಒಪ್ಪಿಸಿದೆ. ಒಪ್ಪಿದ ಮೇಲೆ ಅವರ ಉತ್ಸಾಹ ನೋಡಬೇಕಿತ್ತು. ಬೇವಿನ ಮರದ ಕೆಳಗಿನ ನೆಲ ಸಮ ಮಾಡಿಸಿ ಸಾರಿಸಿದರು. ಓಣಿಯ ಮನೆಮನೆಯಿಂದ ಸ್ಟೀಲ್ ತಾಟು ಕೂಡಿಸಿದರು. ರೊಟ್ಟಿ ಬಡಿಯಲು ನೆರೆಯ ಹೆಂಗಸರು ತಾವಾಗಿಯೇ ಬಂದರು. ಒಂದು ಸಲ ಊಟ ಚೆನ್ನಾಗಿ ಆದರೆ ಮುಂದಿನ ಪ್ರವಾಸಗಳ ಊಟವೂ ಇಲ್ಲಿಯೇ ಎಂದು ನಾನು ಮಾತು ಕೊಟ್ಟಿದ್ದೆ. ಕೆಟ್ಟರೆ ಏನು ಎಂಬುದನ್ನು ಯಾರೂ ಹೇಳಬೇಕಿರಲಿಲ್ಲ. ಓಣಿಯೆಲ್ಲ ನೋಡುತ್ತಿರುವಾಗ ಬಂದವರು ತಾಟು ಬಿಟ್ಟು ಎದ್ದರೆ, ಆ ಅಕ್ಕ ಇನ್ನು ಹೊರಗಿನವರಿಗೆ ಒಂದು ತುತ್ತೂ ಬಡಿಸುವವರಲ್ಲ. ಬಡಿಸು ಎನ್ನುವ ಮುಖ ನನಗೂ ಉಳಿಯುವುದಿಲ್ಲ.

ಹಬ್ಬದ ದಿನ ಬಂದವರು ಒಂದೇ ಕಾಲೋನಿಯ ಕುಟುಂಬಗಳು. ಅವರ ಮುಂದಾಳು ಒಬ್ಬ ನಿವೃತ್ತ ಎಂಜಿನಿಯರ್. ಎಲ್ಲರೂ ಅವರನ್ನು ಸಾಹೇಬ್ರು ಎಂದೇ ಕರೆಯುತ್ತಿದ್ದರು. ಸಾಹೇಬ್ರ ಪತ್ನಿ ಮಾತು ಕಡಿಮೆಯ ಹೆಂಗಸು, ನಡೆಯಲು ಅನುಕೂಲವೆಂದು ಬೂಟು ಹಾಕಿಕೊಂಡು ಬಂದಿದ್ದವರು ಅವರೊಬ್ಬರೇ. ಕೋಟೆಯ ಬಾಗಿಲಲ್ಲಿ ಎಲ್ಲರೂ ಫೋಟೊ ತೆಗೆಸಿಕೊಳ್ಳುವಾಗ ಸಾಹೇಬ್ರು ನನ್ನ ಹತ್ತಿರ ಬಂದರು.

"ಛಲೋ ಹೇಳ್ತೀರಿ ಮೇಡಂ. ನೀವ್ ಯಾರ ಪೈಕಿ ರೀ?"

ನಮ್ಮ ಕಡೆ ಈ ಪ್ರಶ್ನೆ ನಮಸ್ಕಾರದ ಹಿಂದೆಯೇ ಬರುತ್ತದೆ. ತಾಜಸುಲ್ತಾನಪುರದವರು ಎಂದೆ. ಅದು ಊರಾಯಿತು, ಮನೆತನ ಯಾವುದು ಎಂದರು. ಅಡ್ಡಹೆಸರು ಹೇಳಿದೆ. ಅವರ ಮುಖ ಅರಳಿತು.

"ಹಂಗಾರ ನಮ್ಮವರೇ ಆದ್ರಿ! ಮೊದ್ಲೇ ಹೇಳ್ಬಾರ್ದೇನ್ರಿ? ಮತ್ತ ಊಟ? ಅಡಗಿ ಯಾರ್ ಮಾಡ್ತಾರ?"

"ಕಮಲಾಪುರದ ಒಬ್ಬ ಅಕ್ಕ ಮಾಡ್ತಾರ್ರೀ."

"ಅವರು ಯಾರ ಪೈಕಿ?"

"ರೈತರ ಪೈಕಿ ರೀ."

ಸಾಹೇಬ್ರು ನಕ್ಕರು. "ಹುಷಾರ್ ಅದೀರಿ," ಎಂದು ನನ್ನ ಭುಜದ ಮೇಲಿಂದ ಆಚೆ ನೋಡುತ್ತ ಫೋನು ಹೊರತೆಗೆದರು. ಜಾಣತನದ ಉತ್ತರ ಕೊಟ್ಟೆನೆಂದು ಒಳಗೊಳಗೆ ಬೀಗಿದೆ. ಜಾಣತನವಂತೆ! ನೇರವಾಗಿ ಹೇಳಿ ಅಲ್ಲೇ ಮುಗಿಸಬೇಕಿತ್ತು.

ಫೋಟೊ, ಚಹಾ, ಮತ್ತೆ ಫೋಟೊ ಎಂದು ಕೋಟೆಯಲ್ಲೇ ತಡವಾಯಿತು. ಕಪನೂರ ದಾಟುವಾಗಲೇ ಬಿಸಿಲು ಗಾಜಿನ ಮೇಲೆ ಬಿದ್ದಿತ್ತು. ಚಳಿಗಾಲವಾದರೂ ನಮ್ಮ ಬಿಸಿಲು ಯಾರ ಮಾತನ್ನೂ ಕೇಳುವುದಿಲ್ಲ. ದಾರಿಯುದ್ದಕ್ಕೂ ಜೋಳದ ಹೊಲಗಳಲ್ಲಿ ಜನ. ಎತ್ತಿನ ಗಾಡಿ, ಟಂಟಂ, ಬೈಕು, ಎಲ್ಲದರಲ್ಲೂ ಬುತ್ತಿಯ ಗಂಟು. ಗುಡ್ಡದ ಬುಡ ತಲುಪಿದಾಗ ಅಡುಗೆಯ ಅಕ್ಕ ದೂರದಿಂದಲೇ ಕೈ ಎತ್ತಿದರು. ನಮ್ಮ ಡ್ರೈವರ್ ಭಾಯಿ ನೀರಿನ ಕ್ಯಾನುಗಳನ್ನು ಅವರ ಬೋರಿನಿಂದಲೇ ತುಂಬಿಸಿ ತಂದರು. ನಾನು ಅಷ್ಟರಲ್ಲಿ ಎಲ್ಲರನ್ನೂ ನಿಲ್ಲಿಸಿ ನಿಯಮ ಹೇಳುತ್ತಿದ್ದೆ.

ಗುಡ್ಡದ ನಿಯಮಗಳು ಹೆಚ್ಚಿಲ್ಲ. ಮುಂದೆ ನಾನು, ಕೊನೆಯಲ್ಲಿ ಗಟ್ಟಿ ಕಾಲಿನವರೊಬ್ಬರು, ಇಬ್ಬರ ನಡುವೆ ಎಲ್ಲರೂ. ಏದುಸಿರು ಬಂದರೆ ನಾಚಿಕೆ ಬಿಟ್ಟು ಹೇಳಬೇಕು. ನೀರನ್ನು ಒಂದೇ ಸಲ ಗಟಗಟ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಬೇಕು. ಬುರುಜಿನ ಕಮಾನಿನಲ್ಲಿ ಹೆಜ್ಜೇನು ಕಟ್ಟಿದೆ, ಅಲ್ಲಿ ಗದ್ದಲ ಬೇಡ, ಹಾಡು ಬೇಡ, ಸೆಂಟು ಹೊಡೆದುಕೊಂಡವರು ಹಿಂದೆ ನಿಲ್ಲಬೇಕು. ಎಲ್ಲರೂ ಹೂಂ ಅಂದರು. ಹೂಂ ಅನ್ನುವುದಕ್ಕೆ ಖರ್ಚೇನಿದೆ?

ಹತ್ತುವ ಕೆಲಸ ನಿಧಾನಕ್ಕೆ ಸಾಗಿತು. ಆ ಮೆಟ್ಟಿಲುಗಳು ಮನುಷ್ಯರ ಹೆಜ್ಜೆಗೆ ಕಡಿದವಲ್ಲ, ಪ್ರಾಣಿಗಳ ಹೆಜ್ಜೆಗೆ ಕಡಿದವು, ಅಗಲ ಹೆಚ್ಚು, ಎತ್ತರ ಕಡಿಮೆ. ಒಂದೊಂದಕ್ಕೂ ಒಂದೂವರೆ ಹೆಜ್ಜೆ ಬೇಕು, ಹಾಗಾಗಿ ಲಯ ಸಿಗುವ ತನಕ ಕಾಲು ನೋಯುತ್ತದೆ. ಕಲ್ಲಿನ ದೋಣಿಯ ಹತ್ತಿರ ಕೂಡಿಸಿ, ಅದರ ಅಂಚು ಸವೆದಿರುವುದನ್ನು ಮುಟ್ಟಿ ನೋಡಲು ಹೇಳಿದೆ. ಕುದುರೆಗಳು ಕುತ್ತಿಗೆ ಇಟ್ಟು ಇಟ್ಟು ನಯವಾದ ಕಲ್ಲು ಅದು. ಸಾಹೇಬ್ರ ಪತ್ನಿ ಅದರ ಮೇಲೆ ಬಹಳ ಹೊತ್ತು ಅಂಗೈ ಆಡಿಸಿದರು. ಸಾಹೇಬ್ರು ಮಾತ್ರ ಫೋನನ್ನು ಮೇಲೆ ಹಿಡಿದು ಸಿಗ್ನಲ್ ಹುಡುಕುತ್ತಿದ್ದರು.

ಬುರುಜಿನ ಹತ್ತಿರ ಆಗಬಾರದ್ದೇ ಆಯಿತು. ಹಿಂದಿನಿಂದ ಯಾರದೋ ಸಣ್ಣ ಸ್ಪೀಕರಿನಲ್ಲಿ ಡೊಳ್ಳಿನ ಹಾಡು ಶುರುವಾಯಿತು. ಎಳ್ಳಮಾಸಿಗೆ ಹಾಡಿಲ್ಲದೆ ಹ್ಯಾಂಗ ಎಂದು ನಗು ಬೇರೆ. ಕಮಾನಿನ ಕಪ್ಪು ಗೂಡು ಒಮ್ಮೆ ಮೈ ಝಾಡಿಸಿದಂತೆ ಅಲುಗಿತು. ಹೆಜ್ಜೇನು ಏಳುವ ಮೊದಲು ಹಾಗೆ ಅಲುಗುತ್ತದೆ. ನಾನು ಕೂಗಲಿಲ್ಲ. ಕೂಗಿದರೆ ಜನ ಓಡುತ್ತಾರೆ, ಓಡಿದರೆ ಒಂದು ಕಡೆ ಕಡಿತ, ಇನ್ನೊಂದು ಕಡೆ ಪ್ರಪಾತ. ಎರಡೂ ಕೈ ಕೆಳಗೆ ಒತ್ತಿ ಕೂಡುವ ಸನ್ನೆ ಮಾಡಿದೆ. ಶಾಲು, ಸೆರಗು, ಟವೆಲ್, ಸಿಕ್ಕಿದ್ದರಿಂದ ಮುಖ ಮುಚ್ಚಿಕೊಳ್ಳಿ ಎಂದು ತೋರಿಸಿದೆ. ಹಾಡು ನಿಂತಿತು. ಎಲ್ಲರೂ ಮುದುಡಿಕೊಂಡು ಕಲ್ಲುಗಳ ನಡುವೆ ಕೂತರು. ತಲೆಯ ಮೇಲೆ ಗುಂಯ್‌ಗುಟ್ಟುವ ಸದ್ದು ಬಹಳ ಹೊತ್ತು ತಿರುಗಿ, ಸಣ್ಣದಾಗಿ, ಕೊನೆಗೆ ಗೂಡಿಗೆ ಮರಳಿತು. ಸಾಹೇಬ್ರಿಗೆ ಕಿವಿಯ ಹಿಂದೆ ಒಂದು ಕಚ್ಚಿತ್ತು. ಅವರು ಚಿವುಟಲು ಹೋದರು. ಚಿವುಟಿದರೆ ವಿಷ ಒಳಗೆ ಇಳಿಯುತ್ತದೆ. ಕೈ ತೆಗೆಸಿ, ನನ್ನ ಗುರುತಿನ ಚೀಟಿಯ ಅಂಚಿನಿಂದ ಮುಳ್ಳನ್ನು ಕೆರೆದು ತೆಗೆದೆ. ಕುಡಿಯಲು ನೀರು ಕೊಟ್ಟೆ. ಪುಣ್ಯಾತ್ಗಿತ್ತಿ ಅಂದರು.

ಎಲ್ಲರನ್ನೂ ಗೂಡಿನಿಂದ ದೂರದ ನೆರಳಿಗೆ ಕಳಿಸಿ, ಬುರುಜಿನ ಒಡೆದ ಗೋಡೆ ಹತ್ತಿ ಇಳಿಯುವ ದಾರಿ ನೋಡಲು ನಿಂತೆ. ಗುಡ್ಡದಲ್ಲಿ ಫೋನು ಹಿಡಿಯುವುದು ಅದೊಂದೇ ಜಾಗ. ನಿಂತದ್ದೇ ತಡ ಮಾಲೀಕನ ಕರೆ ಬಂತು.

"ಅಕ್ಕಾ, ಎಷ್ಟ ಸಲ ಹಚ್ಚಿನಿ! ಕೇಳ್ರಿ, ಊಟದ ಪ್ಲ್ಯಾನ್ ಚೇಂಜ್. ಆ ಹೊಲದಾಗ ಬ್ಯಾಡ. ಸಾಹೇಬ್ರು ಬೆಳಗ್ಗೇನೇ ಫೋನ್ ಮಾಡಿದ್ರು. ನಾ ಊರಾಗ ವಿಚಾರಿಸ್ದೆ. ನೀವ್ ಮೊದ್ಲೇ ನನಗ ಹೇಳ್ಬೇಕಾಗಿತ್ತು, ಆಕಿ ಯಾರಂತ."

"ಆಕಿ ಅಲ್ಲ, ಅವರು. ಏನ್ ಹೇಳ್ಬೇಕಾಗಿತ್ತು?"

"ಸಿಟ್ಟಾಗಬ್ಯಾಡ್ರಿ. ನನಗೇನ್ ಇಲ್ಲ. ನಾ ಎಲ್ಲಾರ ಮನ್ಯಾಗ ಉಣ್ತೀನಿ. ಗಿರಾಕಿ ಅಂದಮ್ಯಾಲ ನೋಡ್ಬೇಕಲ್ಲ? ಆ ಕಾಲೋನಿ ಪೂರಾ ಸಾಹೇಬ್ರ ಮಾತ ಕೇಳ್ತದ. ಡ್ರೈವರ್‌ಗಿ ಕಮಲಾಪುರಕ್ಕ ಕಳಸೀನಿ, ಖಾನಾವಳಿಯಿಂದ ಪಾರ್ಸಲ್ ತರ್ತಾನ. ಗಾಡ್ಯಾಗೇ ಉಣ್ಲಿ. ಅಡಗಿಯವರಿಗಿ ಹೇಳ್ರಿ, ಗ್ರೂಪಿನಾಗ ಯಾರಿಗೋ ಆರಾಮಿಲ್ಲ, ಜಲ್ದಿ ಹೋಗ್ಬೇಕಂತ. ರೊಕ್ಕ ಕೊಟ್ಟ ಬಿಡೋಣ. ಅವರಿಗೇನ್ ಲುಕ್ಸಾನ್?"

"ರೊಟ್ಟಿ ಬಡಿದಾಗ್ಯಾವ. ಚರಗ ಚೆಲ್ಲ್ಯಾರ. ತಾಟ ಹಾಕಿ ಕಾಯಾಕತ್ತಾರ. ಓಣಿ ಮಂದಿ ಎಲ್ಲಾ ಅಲ್ಲೇ ನಿಂತದ."

"ಅದಕ್ಕೇ ಹೇಳಾಕತ್ತೀನಿ, ನಾಜೂಕಾಗಿ ಹೇಳ್ರಿ. ನಿಮಗ ತಿಳೀತದ. ನೀವೂ ಸಾಹೇಬ್ರವರೇ ಅಲ್ಲೇನ್ರಿ?"

ಮೈಯೆಲ್ಲ ಉರಿದುಹೋಯಿತು. ಎರಡು ಸಲ ಕೇಳಿದ್ದೆ ಅದನ್ನು ಅವತ್ತು. ಬೆಳಿಗ್ಗೆ ಒಬ್ಬರು ನಮ್ಮವರೇ ಎಂದು ಮುಖ ಅರಳಿಸಿದರು, ಈಗ ಇವನು ಸಾಹೇಬ್ರವರೇ ಎಂದು ಕಣ್ಣು ಮಿಟುಕಿಸುವ ದನಿಯಲ್ಲಿ ಹೇಳುತ್ತಿದ್ದಾನೆ. ನನ್ನನ್ನು ಕೇಳದೆಯೇ ತಮ್ಮ ಪಂಕ್ತಿಗೆ ಸೇರಿಸಿಕೊಂಡು, ಆ ಪಂಕ್ತಿಯ ಹೊಲಸು ಕೆಲಸವನ್ನು ನನ್ನ ಕೈಲಿ ಮಾಡಿಸುವ ಇವರ ಸಲಿಗೆ ಎಂಥದ್ದು! ಬೈದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

"ನಾ ಹೇಳಂಗಿಲ್ಲ," ಅಂದೆ.

"ಹಂಗಾರ ಮುಂದಿನ ಟೂರಿಗಿ ನಾ ಬ್ಯಾರೆಯವರ್ನ ನೋಡ್ಕೋಬೇಕಾಗ್ತದ."

"ನೋಡ್ಕೋರಿ."

ನೋಡಿಕೊಂಡ ಕೂಡ. ಅಂದಿನಿಂದ ನನ್ನನ್ನು ಕರೆದಿಲ್ಲ.

ಫೋನು ಜೇಬಿಗೆ ಹಾಕಿದ ಮೇಲೆ ಗೋಡೆಯ ಮೇಲೆಯೇ ಸ್ವಲ್ಪ ಹೊತ್ತು ನಿಂತೆ. ಅಲ್ಲಿಂದ ಹೊಲ ಕಾಣುತ್ತಿತ್ತು. ಬೇವಿನ ಮರ, ಅದರ ಕೆಳಗೆ ಬಿಸಿಲಿಗೆ ಹೊಳೆಯುವ ತಾಟುಗಳು, ಓಡಾಡುವ ಹೆಂಗಸರು. ಏನೂ ಹೇಳದೆ ಇವರನ್ನು ಇಳಿಸಿದರೆ ಆ ತಾಟುಗಳ ಮುಂದೆಯೇ ಮೂಗು ಮುರಿಯುವುದು ನಡೆಯುತ್ತದೆ. ಮಾಲೀಕ ಹೇಳಿದಂತೆ ಸುಳ್ಳು ಹೇಳಿದರೆ ಆ ಅಕ್ಕ ಒಂದು ಕ್ಷಣವೂ ನಂಬುವುದಿಲ್ಲ. ನನಗೆ ಒಂದು ಮಾತು ಹೊಳೆಯಿತು. ಜಗಳ ಆಗುವುದಾದರೆ ಗುಡ್ಡದ ಮೇಲೆಯೇ ಆಗಲಿ. ಹೊಲಕ್ಕೆ ಇಳಿಯುವವರು ಉಣ್ಣುವವರಷ್ಟೇ ಆಗಿರಲಿ.

ನೆರಳಿಗೆ ಹೋಗಿ ಎಲ್ಲರೆದುರು ನಿಂತೆ.

"ಇಳಿಯೋಕ್ಕಿಂತ ಮೊದ್ಲ ಒಂದ್ ಮಾತು. ಕೆಳಗ ಅಡಗಿ ಮಾಡಿದವರು ಬೌದ್ಧರು. ಅವರ ಕೈಯಡಗಿ, ಅವರ ಹೊಲ, ಅವರ ತಾಟ. ಬೆಳಗ್ಗೆಯಿಂದ ಯಾರ ಪೈಕಿ ಯಾರ ಪೈಕಿ ಅಂತ ಕೇಳಾಕತ್ತೀರಲ್ಲ, ಈಗ ಗೊತ್ತಾಯ್ತು. ಉಣ್ಣವರು ನನ್ನ ಜೋಡಿ ಹೊಲಕ್ಕ ಬರ್ರಿ. ಒಲ್ಲದವರು ಗಾಡ್ಯಾಗ ಕುಂದರ್ರಿ. ಆದ್ರ ಹೊಲಕ್ಕ ಬಂದು, ಬರೇ ನೋಡಿ, ಮೂಗ ಮುಚ್ಚಿಕೊಂಡು ಹಿಂದಕ ಹೋಗೋದು ನಡಿಯಂಗಿಲ್ಲ. ಹಬ್ಬದ ದಿನ ಅವರ ಇಜ್ಜತ್ ತಗಿಯಾಕ ನಾ ಯಾರಿಗೂ ಬಿಡಂಗಿಲ್ಲ."

ನೆಪಗಳು ಶುರುವಾದವು. ನಾವು ಹಂಗೇನಿಲ್ಲ ನೋಡ್ರಿ, ಎಂದು ಒಬ್ಬರು. ನಮ್ಮ ಆಫೀಸಿನಾಗ ಎಲ್ಲಾರೂ ಕೂಡೇ ಉಣ್ತೀವಿ, ಎಂದು ಇನ್ನೊಬ್ಬರು. ನನಗ ಗ್ಯಾಸ್ಟ್ರಿಕ್ ಅದ, ರೊಟ್ಟಿ ಆಗಂಗಿಲ್ಲ. ಅಮಾಸಿ ದಿನ ನಾವು ಹೊರಗ ಉಣ್ಣಂಗಿಲ್ಲ. ಅಮಾವಾಸ್ಯೆಯ ಊಟಕ್ಕೆಂದೇ ಹೆಸರು ಕೊಟ್ಟು ಬಂದವರ ಬಾಯಲ್ಲಿ ಇದನ್ನು ಕೇಳಿ ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಸಾಹೇಬ್ರು ಮಾತ್ರ ನೆಪ ಹುಡುಕಲಿಲ್ಲ. ಅವರಿಗೆ ಬಂದದ್ದು ಸಿಟ್ಟು.

"ಇಷ್ಟ ಮಂದಿ ಎದುರಿಗಿ ಹಿಂಗ ಮಾತಾಡೋದು ಛಲೋ ಅಲ್ಲ ಮೇಡಂ. ನಾ ಯಾರಿಗರ ಏನರ ಅಂದೀನೇನು? ನಮ್ಮ ಮನಿ ಪದ್ಧತಿ ನಮಗ, ಅವರ ಪದ್ಧತಿ ಅವರಿಗಿ. ನೀವು ನಮ್ಮ ಮನಿ ಹೆಣ್ಣಮಗಳಾಗಿ..."

"ನಾ ನಿಮ್ಮ ಮನಿ ಹೆಣ್ಣಮಗಳಲ್ಲರೀ. ನಿಮ್ಮ ಗೈಡ್ ಅದೀನಿ."

ಆ ಹೊತ್ತಿಗೆ ಅವರ ಕೈಯಲ್ಲಿ ನೀರಿನ ಬಾಟಲಿಯಿತ್ತು. ಆ ಅಕ್ಕನ ಬೋರಿನ ನೀರು, ಕಚ್ಚಿದ ಕಿವಿಗೂ ಅದನ್ನೇ ಹಚ್ಚಿಕೊಂಡಿದ್ದರು. ನೀವು ಕುಡಿಯುತ್ತಿರುವುದು ಯಾರ ನೀರು ಗೊತ್ತೇನು ಎನ್ನುವ ಮಾತು ನಾಲಿ‌ಗೆಯ ತುದಿಗೆ ಬಂತು. ಎಷ್ಟು ರುಚಿಯಾದ ಮಾತು! ನುಂಗಿಕೊಂಡೆ. ಹೇಳಿದ್ದರೆ ಅರ್ಧ ಜನ ನೀರು ಚೆಲ್ಲಿಬಿಡುತ್ತಿದ್ದರು. ನಡು ಮಧ್ಯಾಹ್ನದಲ್ಲಿ ನೀರಿಲ್ಲದವರನ್ನು ಗುಡ್ಡ ಇಳಿಸುವ ಕೆಲಸ ಯಾವ ಗೈಡೂ ಮಾಡಬಾರದು, ಸಿಟ್ಟು ಎಷ್ಟೇ ಇರಲಿ. ಇವರನ್ನು ಸುರಕ್ಷಿತವಾಗಿ ನೆಲಕ್ಕೆ ಮುಟ್ಟಿಸುವುದು ನನ್ನ ಕೆಲಸ. ಮುಟ್ಟಿದ ಮೇಲೆ ಅವರವರ ಹೊಟ್ಟೆ ಅವರವರದು.

ಇಳಿಯುವ ದಾರಿ ಹತ್ತುವುದಕ್ಕಿಂತ ಕೆಟ್ಟದ್ದು. ಸಡಿಲವಾದ ಕೆಂಪು ಹರಳು ಕಾಲ ಕೆಳಗೆ ಉರುಳುತ್ತದೆ. ಪಾದ ಅಡ್ಡ ಇಟ್ಟು, ಮಂಡಿ ಸಡಿಲ ಬಿಟ್ಟು, ಒಬ್ಬರು ನಿಂತ ಮೇಲೆ ಇನ್ನೊಬ್ಬರು ಬರಬೇಕು. ಸಿಟ್ಟಿನಲ್ಲಿ ನನ್ನ ಹೆಜ್ಜೆ ತಾನಾಗಿಯೇ ಜೋರಾಗುತ್ತದೆ ಎಂದು ನನಗೆ ಗೊತ್ತು. ಮುಂದಿನವಳು ಜೋರಾದರೆ ಹಿಂದಿನವರು ಜಾರುತ್ತಾರೆ. ಹಾಗಾಗಿ ಹಲ್ಲು ಕಚ್ಚಿ, ಬೇಕೆಂದೇ ಮೆಲ್ಲಗೆ ಇಳಿದೆ. ಕಡಿದಾದ ತಿರುವಿನಲ್ಲಿ ಸಾಹೇಬ್ರು ತಡವರಿಸಿದರು. ನನ್ನ ಕೋಲು ಅವರ ಕಡೆ ಚಾಚಿದೆ. ಹಿಡಿದುಕೊಂಡರು.

ಗಾಡಿಯ ಹತ್ತಿರ ಡ್ರೈವರ್ ಭಾಯಿ ಬರಿಗೈಯಲ್ಲಿ ನಿಂತಿದ್ದರು. ನನ್ನನ್ನು ಕಂಡದ್ದೇ ನಗು ತಡೆಯಲಾಗಲಿಲ್ಲ ಅವರಿಗೆ.

"ಆಪಾ, ಪೂರಾ ಕಮಲಾಪುರ ಹೊಲದಾಗ ಅದ. ಒಂದ್ ಖಾನಾವಳಿ ಶಟರ್ ಸೈತ ತೆರೆದಿಲ್ಲ. ಎಳ್ಳಮಾಸಿ ದಿನ ಪಾರ್ಸಲ್ ಅಂತ! ಮಾಲಕಗ ಹಬ್ಬ ಮರ್ತು ಹೋಗ್ಯಾದೇನು?"

ಹಬ್ಬ ಮಾರಲು ಹೊರಟವನಿಗೆ ಹಬ್ಬವೇ ಮರೆತಿತ್ತು. ಊರೆಲ್ಲ ಯಾರದೋ ಹೊಲದಲ್ಲಿ ಕೂತು ಉಣ್ಣುವ ಹೊತ್ತಿನಲ್ಲಿ, ಅಂಗಡಿ ತೆರೆದು ಕೂತವರಾದರೂ ಯಾರು? ಭಾಯಿಯ ಮಾತು ಎಲ್ಲರಿಗೂ ಕೇಳಿಸಿತ್ತು. ಗುಡ್ಡದ ಮೇಲೆ ನೆಪ ಹೇಳಿದವರಲ್ಲಿ ಕೆಲವರು, ನಾವೇನ್ ಅಷ್ಟ ಹಳೆ ಮಂದಿ ಅಲ್ಲ ಬಿಡ್ರಿ, ಎನ್ನುತ್ತ ನನ್ನ ಕಡೆ ಬಂದರು. ಹಸಿವು ಅವರನ್ನು ಕರೆತಂದಿತೋ ಮನಸ್ಸೋ, ನಾನು ಕೇಳಲಿಲ್ಲ. ಉಳಿದವರು ಗಾಡಿ ಹತ್ತಿದರು. ಸಾಹೇಬ್ರು ಮುಂದಿನ ಸೀಟಿನಲ್ಲಿ ಕೂತು ಕಿಟಕಿ ಏರಿಸಿಕೊಂಡರು. ಅವರ ಪತ್ನಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ಹಿಂದಕ್ಕೆ ತೆಗೆದರು.

"ನನಗ ಹಸಿವ್ಯಾಗ್ಯಾದ," ಅಂದರು. "ನೀವ್ ಕುಂದರ್ರಿ."

ಅಷ್ಟೇ. ಬೂಟಿನ ಧೂಳು ಕೊಡವಿ ಹೊಲದ ಕಡೆ ನಡೆದರು.

ಬೇವಿನ ಕೆಳಗೆ ಕೈ ತೊಳೆಯಲು ನೀರಿಟ್ಟಿದ್ದರು. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಭಜ್ಜಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಕಡಬು. ಒಂದು ಬುಟ್ಟಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು. ಜನ ಕೂತರು. ಖಾಲಿ ಉಳಿದ ತಾಟುಗಳು ಎದ್ದು ಕಾಣುತ್ತಿದ್ದವು. ಅಡುಗೆಯ ಅಕ್ಕ ಬಡಿಸುತ್ತ ಬಡಿಸುತ್ತ ನನ್ನ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು.

"ಗಾಡ್ಯಾಗ ಯಾರರ ಕುಂತಾರೇನ್ರಿ?"

"ಅವರಿಗಿ ಹೊಟ್ಟಿ ಸರಿ ಇಲ್ಲಂತಕ್ಕಾ."

"ಆ ಹೊಟ್ಟಿಬ್ಯಾನಿ ನನಗೂ ಗೊತ್ತದ ಬಿಡ್ರಿ," ಅಂದರು. ನನ್ನ ತಾಟಿಗೆ ಇನ್ನೊಂದು ಸೌಟು ಭಜ್ಜಿ ಹಾಕಿ ಮುಂದೆ ಹೋದರು. ಬದುವಿನ ಆಚೆ ಓಣಿಯ ಹೆಂಗಸರು ನಿಂತು ನೋಡುತ್ತಿದ್ದರು. ನನಗೆ ಅಳು ಬಂದಿತ್ತು ಎಂದರೆ ಅರ್ಧ ಸತ್ಯ. ಎದ್ದು ಹೋಗಿ ಆ ಗಾಡಿಯ ಕಿಟಕಿಗೆ ಕಲ್ಲು ಹೊಡೆಯಬೇಕು ಅನ್ನಿಸಿತ್ತು, ಅದು ಉಳಿದರ್ಧ.

ಊಟ ಅರ್ಧ ಆಗಿರಬೇಕು. ಸಾಹೇಬ್ರು ಗಾಡಿಯಿಂದ ಇಳಿದು ಬರುವುದು ಕಾಣಿಸಿತು. ನಾನು ತಾಟು ಬಿಟ್ಟು ಎದ್ದೆ. ಅಷ್ಟರಲ್ಲಿ ಅವರು ಬದುವಿನ ತನಕ ಬಂದು ನಿಂತಿದ್ದರು. ಹೊಲದೊಳಗೆ ಕಾಲಿಡಲಿಲ್ಲ. ಬಾಳೆಹಣ್ಣಿನ ಬುಟ್ಟಿಯ ಕಡೆ ಬೆರಳು ತೋರಿಸಿ, ಅಡುಗೆಯ ಅಕ್ಕನಿಗೇ ನೇರವಾಗಿ ಹೇಳಿದರು.

"ಊಟ ಏನೂ ಬ್ಯಾಡವಾ. ಹಣ್ಣಷ್ಟ ಕೊಡು, ಗಾಡ್ಯಾಗಿನವರಿಗೂ ಆಗ್ತದ. ಹಣ್ಣಿಗಿ ಸಿಪ್ಪಿ ಇರ್ತದ, ಅದಕ್ಕೇನ್ ಆಗಂಗಿಲ್ಲ."

ಇದು ಅವರ ಮನೆಯ ಪದ್ಧತಿಯ ಲೆಕ್ಕ. ಬೇಯಿಸಿದ್ದು ಆಗದು, ಸಿಪ್ಪೆ ಇರುವುದು ಆದೀತು. ಅವರು ಅದನ್ನು ಒಂದು ದೊಡ್ಡ ಉದಾರತನದಂತೆ ಹೇಳಿದರು. ನನ್ನ ಪಿತ್ತ ನೆತ್ತಿಗೇರಿತು. ಬಾಯಿ ತೆರೆದೆ. ಅಡುಗೆಯ ಅಕ್ಕ ನನ್ನ ಕಡೆ ನೋಡದೆಯೇ ಸೌಟು ಹಿಡಿದ ಕೈಯನ್ನು ಸ್ವಲ್ಪ ಎತ್ತಿದರು. ನಾನು ಬಾಯಿ ಮುಚ್ಚಿದೆ.

ಅವರು ಸೌಟನ್ನು ಪಾತ್ರೆಯಲ್ಲಿ ಇಟ್ಟರು. ಸೆರಗಿಗೆ ಕೈ ಒರೆಸಿಕೊಂಡರು. ಒಂದು ಖಾಲಿ ತಾಟು ಎತ್ತಿ, ಸಾಹೇಬ್ರ ಪತ್ನಿಯ ಪಕ್ಕದಲ್ಲಿ ಹಾಕಿದರು.

"ಹಣ್ಣ ಊಟದ ಜೋಡಿ ಅದಾವ್ರೀ ಸಾಹೇಬ್ರ. ಉಣ್ಣಾಕ ಕುಂತವರಿಗಿ ಕೊಡ್ತೀನಿ. ಬರ್ರಿ, ಇಲ್ಲಿ ಜಾಗಾ ಅದ."

ಸಾಹೇಬ್ರು ತಾಟನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಪತ್ನಿ ತಲೆ ಎತ್ತದೆ ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚುತ್ತಿದ್ದರು. ಬಿಸಿಲಲ್ಲಿ ಇನ್ನೂ ಸ್ವಲ್ಪ ನಿಂತು, ಸಾಹೇಬ್ರು ಬದುವಿನ ಮೇಲೆಯೇ ತಿರುಗಿ, ಗಾಡಿಯ ಕಡೆ ಹೊರಟುಹೋದರು. ಕೇಳಿದ ಹಣ್ಣಿಗೆ ಇಲ್ಲ ಎನ್ನಿಸಿಕೊಂಡು ಅವರು ಬಂದ ದಾರಿಯಲ್ಲಿ ಹೋದದ್ದನ್ನು ಓಣಿಯ ಹೆಂಗಸರೆಲ್ಲ ನೋಡಿದರು.

ಎಲ್ಲರೂ ಉಂಡು, ಹಣ್ಣು ತಿಂದು, ಕೈ ತೊಳೆದು ಎದ್ದರು. ತಾಟುಗಳನ್ನು ಒಂದರ ಮೇಲೊಂದು ಕೂಡಿಸುತ್ತ ಬಂದ ನಾನು, ಸಾಹೇಬ್ರಿಗೆ ಹಾಕಿದ್ದ ಆ ಖಾಲಿ ತಾಟಿಗೂ ಕೈ ಹಾಕಿದೆ.

"ಅದು ಅಲ್ಲೇ ಇರ್ಲಿ ಬಿಡ್ರಿ ಅಕ್ಕೋರೆ," ಅಂದರು ಆ ಅಕ್ಕ. "ಹೊತ್ತ ಮುಳಗೋ ತನಕಾ ಎಳ್ಳಮಾಸಿ ಅದ."